ಗುಬ್ಬಿ ವಾಚನಾಲಯದ ಗುದ್ದಣ್ಣ

ಗ್ರಂಥಾಲಯದ ಕೆಲಸ ಅಂದರೆ ಫ್ಯಾನಿನ ಕೆಳಗೆ ಕೂತು ಇಡೀ ದಿನ ಪುಸ್ತಕ ಓದುವುದು ಎಂದು ತಿಳಿದು ಸೇರುವವರು ಈಗಲೂ ಇದ್ದಾರೆ. ನಾನೂ ಹಾಗೆ ತಿಳಿದೇ ಸೇರಿದವಳು. ಸೇರಿದ ದಿನ ತಲೆ ಎತ್ತಿ ನೋಡಿದರೆ ಫ್ಯಾನೇ ಇರಲಿಲ್ಲ. ಓದುವುದು ಹಾಗಿರಲಿ, ಮೊದಲ ಆರು ತಿಂಗಳು ನಾನು ಮಾಡಿದ್ದು ಧೂಳು ಹೊಡೆಯುವುದು, ಗೆದ್ದಲು ಹುಡುಕುವುದು ಮತ್ತು ಪೇಪರಿಗಾಗಿ ಕಿತ್ತಾಡುವ ಗಂಡಸರನ್ನು ಬಿಡಿಸುವುದು. ಈಗ ನಿವೃತ್ತಳಾಗಿ ತುಮಕೂರಿನ ಮನೆಯಲ್ಲಿ ಕಾಲು ಚಾಚಿ ಕೂತಿರುವಾಗ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ‘ಮೇಡಂ, ನಿಮ್ಮ ಅನುಭವ ಬರೆದುಕೊಡಿ’ ಎಂದು ದುಂಬಾಲು ಬಿದ್ದಿದ್ದಾರೆ. ಬಡ್ತಿ, ಶಾಲು, ಹಾರ ಇವನ್ನೆಲ್ಲ ಬಿಟ್ಟುಬಿಡುತ್ತೇನೆ, ಅವು ಎಲ್ಲರಿಗೂ ಒಂದೇ ಥರ. ನಾನು ಕೆಲಸ ಕಳೆದುಕೊಳ್ಳುವುದರಲ್ಲಿದ್ದ ಕಥೆ ಹೇಳುತ್ತೇನೆ. ಅಷ್ಟು ದಡ್ಡತನದ ತಪ್ಪು ನಮ್ಮ ಕಸುಬಿನಲ್ಲಿ ನಾನೊಬ್ಬಳೇ ಮಾಡಿರಬೇಕು.

ಮೊದಲು ನನ್ನ ಬಾಯಿಯ ವಿಷಯ ಹೇಳಬೇಕು. ಅಮೃತೂರಿನಲ್ಲಿ ನನ್ನಷ್ಟು ಬಾಯಿ ಇನ್ನೊಬ್ಬ ಹೆಣ್ಣುಮಗಳಿಗಿರಲಿಲ್ಲ. ಬಸ್ಸಿನ ಕಂಡಕ್ಟರುಗಳು ನನ್ನನ್ನು ಕಂಡರೆ ಸೀಟು ತೋರಿಸಿ ಸುಮ್ಮನಾಗುತ್ತಿದ್ದರು. ‘ಗಿರಿಜೀ, ಬಾಯಿ ಮುಚ್ಚೇ’ ಎನ್ನುವುದನ್ನು ಅವ್ವ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ ಲೆಕ್ಕವಿಲ್ಲ. ಅಂಥವಳಿಗೆ ಸರ್ಕಾರ ಕೊಟ್ಟ ಕುರ್ಚಿ ಯಾವುದು? ‘ಸದ್ದು ಮಾಡಬೇಡಿ’ ಎಂಬ ಬೋರ್ಡಿನ ಕೆಳಗಿನದು. ಅಪ್ಪ ತೀರಿಕೊಂಡಿದ್ದರು, ಅವ್ವನಿಗೂ ನನಗೂ ಆ ಕೆಲಸವೇ ಅನ್ನ. ಆದ್ದರಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಮೊದಲ ವರ್ಷ ಕುಣಿಗಲ್ಲಿನಲ್ಲಿದ್ದೆ. ಸೇರಿದ ವಾರದಲ್ಲೇ ಇಡೀ ಕಪಾಟಿನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿಬಿಟ್ಟೆ. ನೋಡಲು ಅಚ್ಚುಕಟ್ಟಾಗಿತ್ತು, ಒಂದು ಪುಸ್ತಕವೂ ಯಾರ ಕೈಗೂ ಸಿಗಲಿಲ್ಲ. ತುಮಕೂರಿನಿಂದ ನಮ್ಮ ಮೇಲಧಿಕಾರಿ ಬಂದರು. ಅವರನ್ನು ನಾವೆಲ್ಲ ಸಾಹೇಬರು ಎಂದೇ ಕರೆಯುತ್ತಿದ್ದದ್ದು. ಬಯ್ಯಲಿಲ್ಲ. ಒಂದು ವಾರ ಅಲ್ಲೇ ಉಳಿದು ಪುಸ್ತಕಗಳಿಗೆ ಕಾರ್ಡು ಬರೆಯುವುದನ್ನು ಕಲಿಸಿದರು. ಆ ಕಾಲದಲ್ಲಿ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು, ಅದರ ಮೇಲೆ ಪುಸ್ತಕ ಯಾವ ಕಪಾಟು, ಯಾವ ಸಾಲು ಎಂದು ಕೈಯಲ್ಲೇ ಬರೆಯಬೇಕು. ಅದಕ್ಕೊಂದು ಬೇರೆ ಅಕ್ಷರವಿತ್ತು. ನೆಟ್ಟಗೆ, ಗುಂಡಗೆ, ಒಂದಕ್ಕೊಂದು ತಾಗದ ಹಾಗೆ.

‘ನೋಡಮ್ಮ, ಈ ಅಕ್ಷರ ಯಾರು ಬರೆದ್ರೂ ಒಬ್ರೇ ಬರೆದ ಹಾಗೆ ಕಾಣ್ಬೇಕು. ಬರೆದೋರು ಯಾರು ಅಂತ ಗೊತ್ತಾಗ್ಲೇಬಾರ್ದು’ ಎಂದು ಸಾಹೇಬರು ಹೇಳಿದ್ದರು. ಈ ಮಾತನ್ನು ನಾನು ಬೇಕಾದ್ದಕ್ಕಿಂತ ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಂಡೆ.

ಅದೇ ಕುಣಿಗಲ್ಲಿನಲ್ಲಿ, ಹಳೆಯ ವಾರಪತ್ರಿಕೆಗಳ ಧೂಳು ಕೊಡವುವಾಗ, ಆ ಮನುಷ್ಯನ ಪಟ ಮೊದಲ ಸಲ ಕಂಡದ್ದು. ಅಮೆರಿಕದ ಕಪ್ಪು ಬಾಕ್ಸರ್. ಬಾಯಿ ಇಷ್ಟಗಲ ತೆರೆದುಕೊಂಡು ಕ್ಯಾಮರಾಗೇ ಕೂಗುತ್ತಿದ್ದ. ನಿಂತುಕೊಂಡೇ ಓದಿದೆ. ತಾನೇ ಎಲ್ಲರಿಗಿಂತ ದೊಡ್ಡವನು ಎಂದು ಹೇಳಿಕೊಳ್ಳುತ್ತಾನಂತೆ, ತಾನು ಚೆಲುವ ಎಂದೂ ಹೇಳಿಕೊಳ್ಳುತ್ತಾನಂತೆ. ಅವನ ದೇಶದವರು ದೂರದ ಯಾವುದೋ ದೇಶದ ಮೇಲೆ ಯುದ್ಧಕ್ಕೆ ಕರೆದರೆ, ಹೋಗುವುದಿಲ್ಲ, ಅವರು ನನಗೇನು ಮಾಡಿದ್ದಾರೆ ಎಂದುಬಿಟ್ಟನಂತೆ. ಅದಕ್ಕೆ ಪಟ್ಟ ಕಿತ್ತುಕೊಂಡು, ಮೈಯಲ್ಲಿ ಕಸುವಿದ್ದ ವರ್ಷಗಳಲ್ಲೇ ಅವನನ್ನು ಆಡದ ಹಾಗೆ ಮಾಡಿದರಂತೆ, ಆಮೇಲೆ ಅವನು ತಿರುಗಿ ಬಂದು ಗೆದ್ದನಂತೆ.

ಆ ಹಿಂದಿನ ತಿಂಗಳು ಗೂಳೂರಿನಿಂದ ಒಂದು ಗಂಡು ಬಂದು, ಉಪ್ಪಿಟ್ಟು ತಿಂದು, ‘ಹುಡುಗಿ ಕಪ್ಪು’ ಎಂದು ಹೇಳಿಕಳಿಸಿತ್ತು. ನನ್ನಷ್ಟೇ ಕಪ್ಪಗಿರುವ ಒಬ್ಬ ಮನುಷ್ಯ ತಾನು ಚೆಂದ ಎಂದು ತನ್ನ ಬಾಯಿಯಿಂದಲೇ ಹೇಳಿಕೊಳ್ಳಬಹುದು ಎಂಬುದು ನನಗೆ ಅವತ್ತಿನವರೆಗೆ ತಿಳಿದಿರಲಿಲ್ಲ. ಹುಚ್ಚು ಖುಷಿಯಾಯಿತು. ಕಪಾಟುಗಳ ಸಂದಿಯಲ್ಲಿ ಧೂಳಿನ ಬಟ್ಟೆ ಹಿಡಿದುಕೊಂಡು ನಾಲ್ಕು ಗುದ್ದು ಗಾಳಿಗೆ ಗುದ್ದಿದೆ. ಯಾರೂ ನೋಡಲಿಲ್ಲ, ದೇವರು ದೊಡ್ಡವನು.

ಮುಂದಿನ ವರ್ಷ ಗುಬ್ಬಿಯ ವಾಚನಾಲಯಕ್ಕೆ ಹಾಕಿದರು, ಅವ್ವನನ್ನೂ ಕರೆದುಕೊಂಡು ಹೋದೆ. ಇನ್ನೂ ಪ್ರೊಬೇಷನ್ನಿನಲ್ಲಿದ್ದೆ, ಅಂದರೆ ಕೆಲಸ ಕಾಯಂ ಆಗಿರಲಿಲ್ಲ. ಒಂದು ಕೆಟ್ಟ ವರದಿ ಹೋದರೆ ಮನೆಗೆ. ಅಲ್ಲಿನ ಮುಖ್ಯಸ್ಥರು ನಂಜುಂಡಯ್ಯನವರು. ಜಗತ್ತಿನಲ್ಲಿ ಎರಡೇ ಭಯ ಅವರಿಗೆ, ಗೆದ್ದಲು ಮತ್ತು ಗಲಾಟೆ. ಮೊದಲ ದಿನವೇ ನಶ್ಯ ಏರಿಸಿಕೊಂಡು ನನಗೆ ಉಪದೇಶ ಮಾಡಿದರು.

‘ಗಿರಿಜಮ್ಮ, ಇಲ್ಲಿ ಬರೋರೆಲ್ಲ ಗಂಡಸ್ರು. ಪೇಪರ್ ಓದ್ತಾರೆ, ವಾದ ಮಾಡ್ತಾರೆ. ನೀನು ಮಾತ್ರ ಮಧ್ಯೆ ಬಾಯಿ ಹಾಕ್ಬೇಡ. ಸಂಜೆ ಬಾಗಿಲು ಹಾಕೋ ಮುಂಚೆ ಎಲ್ಲಾ ಅಳಿಸ್ಬುಡು, ಅಷ್ಟೇ ನಿನ್ನ ಕೆಲಸ.’

ಅಳಿಸುವುದು ಅಂದರೆ ಏನು ಎಂದು ಈಗಿನವರಿಗೆ ತಿಳಿಯದು. ವಾಚನಾಲಯಕ್ಕೆ ಬರುವವರು ಪತ್ರಿಕೆಯಲ್ಲಿ ಓದುವುದಷ್ಟೇ ಅಲ್ಲ, ಬರೆಯುತ್ತಲೂ ಇದ್ದರು. ಮಂತ್ರಿಗಳಿಗೆ ಮೀಸೆ, ನಟಿಯರಿಗೂ ಮೀಸೆ, ಪದಬಂಧಕ್ಕೆ ತಪ್ಪು ಉತ್ತರ, ಸುದ್ದಿಯ ಪಕ್ಕದ ಅಂಚಿನಲ್ಲಿ ‘ಸುಳ್ಳು’, ‘ಭೇಷ್’, ‘ಇವನಿಗೆ ಮಾನ ಇಲ್ಲ’ ಇತ್ಯಾದಿ. ದಿನಾ ಸಂಜೆ ನಾನು ರಬ್ಬರ್ ಹಿಡಿದು ಕೂತು ಊರಿನ ಅಭಿಪ್ರಾಯವನ್ನೆಲ್ಲ ತಿಕ್ಕಿ ತೆಗೆಯುತ್ತಿದ್ದೆ.

ಆ ಬಾಕ್ಸರ್ ಅಷ್ಟರಲ್ಲಿ ಗುಬ್ಬಿಯಲ್ಲೂ ದೊಡ್ಡ ಸುದ್ದಿ. ಅವನು ಹೆಸರು ಬದಲಾಯಿಸಿಕೊಂಡಿದ್ದನಲ್ಲ, ಒಂದು ಗುಂಪು ಹಳೆಯ ಹೆಸರು ಹೇಳಿದರೆ ಇನ್ನೊಂದು ಗುಂಪು ಹೊಸ ಹೆಸರೇ ಸರಿ ಎಂದು ಎದ್ದು ನಿಲ್ಲುತ್ತಿತ್ತು. ನಂಜುಂಡಯ್ಯನವರು ತಲೆ ಚಚ್ಚಿಕೊಂಡು ಬಂದು, ‘ಎರಡೂ ಬೇಡ್ರಪ್ಪ, ಗುದ್ದಣ್ಣ ಅಂತ ಇಟ್ಕೊಳ್ಳಿ, ಗಲಾಟೆ ನಿಲ್ಲಿಸಿ’ ಎಂದರು. ಅವತ್ತಿನಿಂದ ಗುಬ್ಬಿಯಲ್ಲಿ ಅವನು ಗುದ್ದಣ್ಣನೇ ಆದ.

ಗುದ್ದಣ್ಣನ ಮೊದಲ ಶತ್ರು ಹವಾಲ್ದಾರ್ ಚಿಕ್ಕಣ್ಣನವರು. ಸೇನೆಯಿಂದ ನಿವೃತ್ತರಾಗಿ ಬಂದವರು, ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ನೆಟ್ಟಗೆ ನಿಂತಿರುತ್ತಿದ್ದರು. ಬಾಗಿಲು ಕಾಣುವ ಕುರ್ಚಿಯಲ್ಲೇ ಕೂರಬೇಕು, ಗೋಡೆಗೆ ಬೆನ್ನು ಇರಬೇಕು. ನನ್ನನ್ನು ಕಂಡರೆ ‘ಏನವ್ವ, ಚೆನ್ನಾಗಿದೀಯಾ’ ಎಂದು ಕೇಳಿಯೇ ಪತ್ರಿಕೆ ಎತ್ತಿಕೊಳ್ಳುತ್ತಿದ್ದರು.

ಒಂದು ಸಂಜೆ ವಾರಪತ್ರಿಕೆಯ ಕ್ರೀಡಾಪುಟ ತೆರೆದೆ. ಗುದ್ದಣ್ಣನ ಪಟದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ದಪ್ಪಗೆ ‘ಹೇಡಿ’ ಎಂದು ಬರೆದಿತ್ತು. ಯಾರ ಬರವಣಿಗೆ ಎಂದು ಕೇಳುವ ಹಾಗೇ ಇರಲಿಲ್ಲ, ಅಂಥ ದಪ್ಪ ಅಕ್ಷರ ಹವಾಲ್ದಾರರದೇ. ರಬ್ಬರ್ ಎತ್ತಿದೆ. ಕೈ ಅಲ್ಲೇ ನಿಂತಿತು. ಗೂಳೂರಿನ ಉಪ್ಪಿಟ್ಟು ನೆನಪಾಯಿತೋ ಏನೋ, ರಬ್ಬರ್ ಕೆಳಗಿಟ್ಟು ಪೆನ್ಸಿಲ್ ತೆಗೆದುಕೊಂಡು, ‘ಸೆರೆಮನೆಗೆ ಹಾಕುತ್ತೇವೆ ಎಂದರೂ ಹೆದರದವನು ಹೇಡಿ ಹೇಗಾದಾನು?’ ಎಂದು ಕೆಳಗೆ ಬರೆದೆ.

ಹೆಸರು ಗೊತ್ತಾಗಬಾರದಲ್ಲ? ಅದಕ್ಕೆಂದೇ ಬುದ್ಧಿವಂತಿಕೆಯಿಂದ ಕಾರ್ಡಿನ ಅಕ್ಷರದಲ್ಲಿ ಬರೆದೆ. ಬರೆದವರು ಯಾರೆಂದು ತಿಳಿಯುವುದಿಲ್ಲ ಎಂದು ಸಾಹೇಬರೇ ಹೇಳಿದ್ದರು. ಇಡೀ ಗುಬ್ಬಿಯಲ್ಲಿ ಆ ಅಕ್ಷರ ಬರೆಯಬಲ್ಲವರು ನಂಜುಂಡಯ್ಯನವರನ್ನು ಬಿಟ್ಟರೆ ನಾನೊಬ್ಬಳೇ, ನಂಜುಂಡಯ್ಯನವರ ಕೈಯೋ ಕೋಳಿ ಕೆದರಿದ ಹಾಗೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಎರಡು ದಿನದಲ್ಲಿ ಉತ್ತರ ಬಂತು. ‘ಲೋ ಮಗನೇ, ಸೆರೆಮನೇಲಿ ಗುಂಡು ಹಾರಲ್ಲ.’ ನಾನು ಬರೆದೆ, ‘ಸುದ್ದಿ ಸರಿಯಾಗಿ ಓದಿ. ನೋಡಿ: ಕಪಾಟು ನಾಲ್ಕು, ಸಾಲು ಎರಡು, ಹಳೆಯ ಸಂಚಿಕೆ.’ ನಮ್ಮ ಕಸುಬಿನ ಚಟ ಅದು. ಬೈಗುಳಕ್ಕೂ ಆಧಾರ ಕೊಡದೆ ಇರಲಾಗಲಿಲ್ಲ. ಹೀಗೆ ಶುರುವಾದದ್ದು ಒಂದೂವರೆ ವರ್ಷ ನಡೆಯಿತು. ಗುದ್ದಣ್ಣನ ವಿಷಯ ಬಂದ ಪುಟಗಳನ್ನು ನಾನು ಅಳಿಸಲಿಲ್ಲ. ಅವು ಒಂದೊಂದೇ ಸೇರಿ, ಆರು ತಿಂಗಳಿಗೊಮ್ಮೆ ಬೈಂಡಾಗಿ, ರಟ್ಟು ಹಾಕಿಸಿಕೊಂಡು ಕಪಾಟು ಸೇರಿದವು. ನಮ್ಮ ಜಗಳಕ್ಕೆ ಸರ್ಕಾರದ ಮೊಹರೂ ಬಿತ್ತು.

ಮಜಾ ಇದ್ದದ್ದು ಹಗಲಿನಲ್ಲಿ. ಹವಾಲ್ದಾರರು ಉತ್ತರ ಓದಿ ಕೆಂಡವಾಗಿ ಸೀದಾ ನನ್ನ ಮೇಜಿಗೇ ಬರುತ್ತಿದ್ದರು.

‘ನೋಡವ್ವ, ಯಾವನೋ ಪೋಲಿ ಬಡ್ಡೀಮಗ ಏನ್ ಬರ್ದವ್ನೆ ನೋಡು. ನೀನಾದ್ರೂ ಹಿಡೀಬಾರ್ದಾ ಅವನ್ನ?’

‘ಕಣ್ಣಿಟ್ಟಿದೀನಿ ಹವಾಲ್ದಾರ್ರೇ’ ಎನ್ನುತ್ತಿದ್ದೆ ನಾನು, ಕಾರ್ಡಿನಿಂದ ತಲೆ ಎತ್ತದೆ.

‘ಸಿಕ್ಕಿದ್ರೆ ನಂಗೇ ಹೇಳು. ಗ್ರೌಂಡಲ್ಲಿ ಹತ್ತು ರೌಂಡ್ ಓಡಿಸ್ತೀನಿ.’

‘ಓಡೋ ಥರ ಕಾಣಲ್ಲ ಅವನು.’

‘ಬುಡು, ಓಡಲ್ಲ ಅಂತ್ಲೇ ಹೇಳ್ತಾನೆ, ಅವನ ಗುರುನೂ ಅಂಗೇ ಅಲ್ವಾ’ ಎಂದು ಗೊಣಗುತ್ತಾ ಕುರ್ಚಿಗೆ ವಾಪಸ್ಸಾಗುತ್ತಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನನ್ನ ಮಾತಿಗೆ ಒಬ್ಬ ಗಂಡಸು ‘ಬಾಯಿ ಮುಚ್ಚು’ ಎನ್ನದೆ, ಕೂತು ಯೋಚಿಸಿ, ಪೆನ್ಸಿಲ್ ಚೂಪು ಮಾಡಿಕೊಂಡು ಉತ್ತರ ಕೊಡುತ್ತಿದ್ದ. ಆ ಖುಷಿಗೆ ಏನು ಹೇಳಲಿ. ಸೋಮವಾರ ಬಂದರೆ ಅವ್ವ ‘ಏನೇ ಇದು, ಆಫೀಸಿಗೆ ಕುಣ್ಕೊಂಡು ಹೋಗ್ತೀಯ’ ಎಂದು ಅನುಮಾನ ಪಡುತ್ತಿದ್ದಳು.

ಹವಾಲ್ದಾರರ ವಾದದಲ್ಲಿ ಸತ್ವ ಇರಲಿಲ್ಲ ಎಂದುಕೊಳ್ಳಬೇಡಿ. ಗುದ್ದಣ್ಣ ತನ್ನಂತೆಯೇ ಕಪ್ಪಗಿದ್ದ ಎದುರಾಳಿಯನ್ನು ಊರ ಮುಂದೆ ಕೋತಿ ಎಂದು ಹೀಯಾಳಿಸಿದ್ದ. ಆ ಸುದ್ದಿಯ ಪಕ್ಕ ಅವರು ಬರೆದರು, ‘ನ್ಯಾಯ ಮಾತಾಡೋನು ತನ್ನಂಥೋನ್ನೇ ಹೀಗಂತಾನಾ? ಉತ್ತರ ಕೊಡೋ.’ ನಾನು ಮೂರು ದಿನ ತಲೆ ಕೆರೆದುಕೊಂಡೆ. ಎಲ್ಲ ಕಪಾಟು, ಎಲ್ಲ ಸಾಲು ಹುಡುಕಿದೆ. ಉತ್ತರ ಇರಲಿಲ್ಲ. ನನ್ನನ್ನು ಕಪ್ಪು ಎಂದು ಬಿಟ್ಟುಹೋದ ಗಂಡಿನ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಕೊನೆಗೆ ಆ ಪುಟ ಮಗುಚಿಬಿಟ್ಟೆ. ಸೋತದ್ದನ್ನು ಒಪ್ಪಿಕೊಳ್ಳಲಿಲ್ಲ, ಅದು ನನ್ನ ಕೆಟ್ಟ ಬುದ್ಧಿ.

ಆ ಸೋಲಿನ ಸಿಟ್ಟಿಗೇ ಇರಬೇಕು, ಮುಂದಿನ ಸಂಚಿಕೆಯಲ್ಲಿ ಒಂದು ಏಟು ಕೊಟ್ಟೆ. ‘ಗುದ್ದಣ್ಣ ಹೊಡೆದವನು ಹತ್ತು ಎಣಿಸಿದ ಮೇಲೆ ಎದ್ದು ಮನೆಗೆ ಹೋಗುತ್ತಾನೆ. ಬಂದೂಕಿನವರು ಹೊಡೆದವನು ಏಳುವುದಿಲ್ಲ.’ ಬರೆದು, ನಾನೇ ಮೂರು ಸಲ ಓದಿಕೊಂಡು, ಬೆನ್ನು ತಟ್ಟಿಕೊಂಡು ಮನೆಗೆ ಹೋದೆ.

ಅದಕ್ಕೆ ಉತ್ತರ ಬರಲಿಲ್ಲ. ಹವಾಲ್ದಾರರೂ ಒಂಬತ್ತು ದಿನ ಬರಲಿಲ್ಲ. ಗೆದ್ದೆ ಎಂದು ನಾನು ಹಿಗ್ಗಿದೆ. ಹತ್ತನೆಯ ದಿನ ಬಂದರು, ‘ಜ್ವರ ಇತ್ತು ಕಣವ್ವ’ ಎಂದರು, ಕ್ರೀಡಾಪುಟ ತೆರೆಯದೆ ಮಳೆ ಸುದ್ದಿ ಓದಿಕೊಂಡು ಹೋದರು.

ಅಷ್ಟು ಹೊತ್ತಿಗೆ ನಂಜುಂಡಯ್ಯನವರ ಕಣ್ಣಿಗೂ ಈ ಬರಹಗಳು ಬಿದ್ದಿದ್ದವು. ‘ಪತ್ರಿಕೆ ಕೆಡಿಸುವ ಕಿಡಿಗೇಡಿಯ ಮೇಲೆ ಕ್ರಮ ಜರುಗಿಸಲಾಗುವುದು’ ಎಂದು ಬೋರ್ಡು ಹಾಕಿದರು. ಕಿಡಿಗೇಡಿಯನ್ನು ಪತ್ತೆ ಹಚ್ಚುವ ಜವಾಬ್ದಾರಿಯನ್ನು ನನಗೇ ವಹಿಸಿದರು. ನಾನು ವಾರ ವಾರ ‘ಕಿಡಿಗೇಡಿ ಪತ್ತೆಯಾಗಿರುವುದಿಲ್ಲ, ಪ್ರಯತ್ನ ಮುಂದುವರಿದಿದೆ’ ಎಂದು ವರದಿ ಕೊಟ್ಟೆ. ವರದಿಯನ್ನೂ ಅದೇ ಗುಂಡಗಿನ ಅಕ್ಷರದಲ್ಲೇ ಬರೆದೆ ಎಂದರೆ ನನ್ನ ಬುದ್ಧಿ ಎಷ್ಟು ಚುರುಕು ನೋಡಿ. ಅವರು ಆ ವರದಿಗಳನ್ನೆಲ್ಲ ಜೋಡಿಸಿ ತುಮಕೂರಿಗೆ ಕಳಿಸಿಬಿಟ್ಟರು.

ತುಮಕೂರಿನಿಂದ ಕಾಗದ ಬಂತು. ಗಿರಿಜಮ್ಮ ಎಂಬ ಪ್ರೊಬೇಷನ್ ನೌಕರರು ಆ ವಾರಪತ್ರಿಕೆಯ ಬೈಂಡುಗಳನ್ನು ತೆಗೆದುಕೊಂಡು ಸಾಹೇಬರ ಮುಂದೆ ಹಾಜರಾಗಬೇಕು. ಅದನ್ನು ನಂಜುಂಡಯ್ಯನವರು ಓದುಗರೆಲ್ಲರ ಮುಂದೆಯೇ ಗಟ್ಟಿಯಾಗಿ ಓದಿ ನನ್ನ ಕೈಗಿಟ್ಟರು. ಮನೆಯಲ್ಲಿ ಅವ್ವ ಕೇಳಿದಳು, ‘ಕಾಯಂ ಮಾಡೋಕೆ ಕರ್ದವ್ರೇನೇ?’ ಹೂಂ ಎಂದೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಗೋಣಿಚೀಲದಲ್ಲಿ ಬೈಂಡುಗಳನ್ನು ತುಂಬಿಕೊಂಡು ಗುಬ್ಬಿ ಬಸ್ ಸ್ಟ್ಯಾಂಡಿಗೆ ಬಂದರೆ ಅಲ್ಲಿ ಹವಾಲ್ದಾರರು ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತಿದ್ದರು. ತುಮಕೂರಿನಲ್ಲಿ ಪೆನ್ಷನ್ ಕೆಲಸ ಇದೆ ಎಂದರು. ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಟಾಪಿನ ಮೇಲೆ ಹಾಕಿ ಎಂದ ಕಂಡಕ್ಟರಿಗೆ, ‘ಸರ್ಕಾರಿ ಕಾಗದ ಕಣಯ್ಯ, ಎತ್ತಿ ಬಿಸಾಕೋಕೆ ಅದೇನು ಕಾಯಿಚೀಲನಾ’ ಎಂದು ಗದರಿ, ಇಡೀ ದಾರಿ ತೊಡೆಯ ಮೇಲಿಟ್ಟುಕೊಂಡು ಕೂತರು. ತಮ್ಮ ಬೈಗುಳವನ್ನೂ ನನ್ನ ಬೈಗುಳವನ್ನೂ ಒಟ್ಟಿಗೆ ತೊಡೆಯ ಮೇಲಿಟ್ಟುಕೊಂಡು, ಪಾಪ ಗೊತ್ತಿಲ್ಲದೆ, ನನಗೆ ಕಡಲೆಕಾಯಿ ಕೊಡಿಸಿದರು ಎಂದುಕೊಂಡೆ. ಅಳಬೇಕೋ ನಗಬೇಕೋ ತಿಳಿಯದೆ ಕಡಲೆಕಾಯಿ ತಿಂದೆ.

ಸಾಹೇಬರು ಬೈಂಡು ಬಿಚ್ಚಿದರು. ಒಂದು ಪುಟ, ಇನ್ನೊಂದು ಪುಟ. ಮಧ್ಯೆ ಮಧ್ಯೆ ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮಿದರು. ನನ್ನ ಕಣ್ಣೆಲ್ಲ ಅವರ ಬೆರಳಿನ ಮೇಲೆ. ಅವರ ಮೇಜಿನ ಇನ್ನೊಂದು ಬದಿಯಲ್ಲಿ ನನ್ನ ವಾರದ ವರದಿಗಳಿದ್ದವು. ಕೊನೆಗೆ ಕನ್ನಡಕ ತೆಗೆದು ಕೇಳಿದರು.

‘ಈ ದಪ್ಪ ಅಕ್ಷರ ಯಾರೋ ಓದುಗರದು. ಈ ಗುಂಡಕ್ಷರ ಯಾರದಮ್ಮ?’

ಅಷ್ಟರಲ್ಲಿ ಬಾಗಿಲಲ್ಲಿ ಬೂಟುಗಾಲಿನ ಸದ್ದು. ‘ಒಳಗ್ ಬರ್ಲಾ ಸ್ವಾಮಿ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಹವಾಲ್ದಾರರು ಬಂದು ಸಲ್ಯೂಟ್ ಹೊಡೆದು ನಿಂತರು.

‘ಎರಡೂ ನಂದೇ ಸ್ವಾಮಿ. ಬೈದೋನೂ ನಾನೇ, ಬೈಸ್ಕೊಂಡೋನೂ ನಾನೇ. ಈ ಹುಡುಗಿದೇನೂ ತಪ್ಪಿಲ್ಲ.’

ಸಾಹೇಬರಿಗೂ ದಿಕ್ಕು ತೋಚಲಿಲ್ಲ. ‘ನಿಮಗೆ ನೀವೇ ಯಾಕ್ರೀ ಬರ್ಕೊಂಡ್ರಿ?’

‘ಮನೇಲಿ ಒಬ್ನೇ ಇದೀನಿ ಸ್ವಾಮಿ. ಜಗಳ ಆಡೋಕೆ ಯಾರೂ ಇಲ್ಲ. ಏನ್ ಮಾಡ್ಲಿ?’

ಸಾಹೇಬರು ಕಾಗದ, ಪೆನ್ಸಿಲ್ ಮುಂದಿಟ್ಟರು. ಹವಾಲ್ದಾರರು ಕೂತು, ನಾಲಗೆ ಕಚ್ಚಿಕೊಂಡು, ನಿಧಾನವಾಗಿ ಒಂದು ಸಾಲು ಬರೆದರು. ನೆಟ್ಟಗೆ, ಗುಂಡಗೆ, ಒಂದಕ್ಕೊಂದು ತಾಗದ ಹಾಗೆ. ಒಂದೆರಡು ಅಕ್ಷರ ನಡುಗಿದ್ದವು, ಅಷ್ಟೇ. ಕಾಗದ ಬಂದ ದಿನದಿಂದ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಭ್ಯಾಸ ಮಾಡಿದ್ದರು ಎಂದು ನನಗೆ ಆಮೇಲೆ ತಿಳಿಯಿತು.

‘ಸರಿ’ ಎಂದರು ಸಾಹೇಬರು. ‘ಹಾಗಾದ್ರೆ ನಾಳೆಯಿಂದ ನೀವು ಆ ವಾಚನಾಲಯದ ಹೊಸ್ತಿಲು ತುಳಿಯೋ ಹಾಗಿಲ್ಲ. ಗಿರಿಜಮ್ಮ, ನೀವು ಹೋಗ್ಬಹುದು.’

ಸುಳ್ಳು ಯಾಕೆ ಹೇಳಲಿ, ಮೊದಲು ಆದದ್ದು ಸಂತೋಷ. ಕೆಲಸ ಉಳಿಯಿತು, ಅವ್ವನ ತುಪ್ಪದ ದೀಪ ಉಳಿಯಿತು. ಎರಡು ಹೆಜ್ಜೆ ಬಾಗಿಲ ಕಡೆ ಹಾಕಿಯೂ ಬಿಟ್ಟೆ. ಆಮೇಲೆ ಹವಾಲ್ದಾರರ ಮುಖ ನೋಡಿದೆ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಬಂದು ಮೆಟ್ಟಿಲ ಮೇಲೆ ನಿಲ್ಲುವ ಆ ಮನುಷ್ಯ ನಾಳೆ ಹತ್ತಕ್ಕೆ ಎಲ್ಲಿ ನಿಲ್ಲಬೇಕು? ಗುದ್ದಣ್ಣ ತನಗೆ ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿ ಪಟ್ಟ ಕಳೆದುಕೊಂಡ. ಅವನ ಪರವಾಗಿ ಒಂದೂವರೆ ವರ್ಷ ವಾದ ಮಾಡಿದ ನಾನು, ಒಬ್ಬ ಮುದುಕನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮನೆಗೆ ಹೊರಟಿದ್ದೆ.

‘ಗುಂಡಕ್ಷರ ನಂದು ಸಾರ್’ ಎಂದೆ. ‘ಅಳಿಸ್ಬೇಕಾದೋಳೇ ಬರೆದೆ. ಹವಾಲ್ದಾರ್ರು ಸುಳ್ಳು ಹೇಳ್ತಿದಾರೆ. ಗುದ್ದಣ್ಣ ಸರಿ ಅಂತ ನಂಗೆ ಆಗ್ಲೂ ಅನ್ಸಿತ್ತು, ಈಗ್ಲೂ ಅನ್ಸುತ್ತೆ. ಏನ್ ಮಾಡ್ತೀರೋ ನಂಗೆ ಮಾಡಿ, ಅವರನ್ನ ಹೊರಗೆ ಹಾಕ್ಬೇಡಿ.’

‘ಲೇ ಹುಡುಗೀ, ಬಾಯಿ ಮುಚ್ಚೇ’ ಎಂದರು ಹವಾಲ್ದಾರರು. ಇಷ್ಟು ವರ್ಷದಲ್ಲಿ ಆ ಮಾತಿಗೆ ನಾನು ಬಾಯಿ ಮುಚ್ಚದೆ ಇದ್ದದ್ದು ಅದೊಂದೇ ಸಲ ಸಾರ್ಥಕವಾದದ್ದು.

ಸಾಹೇಬರು ಒಂದು ಪುಟ ತೆರೆದು ನನ್ನ ಕಡೆ ತಿರುಗಿಸಿದರು. ‘ಕೋತಿ ಅಂದಿದ್ದಕ್ಕೆ ನೀವು ಉತ್ತರಾನೇ ಕೊಟ್ಟಿಲ್ವಲ್ಲಮ್ಮ?’

‘ಉತ್ತರ ಇಲ್ಲ ಸಾರ್. ಅದು ತಪ್ಪೇ.’

‘ಹೂಂ. ಮೊದಲ್ನೇ ಸಲ ಒಪ್ಕೊಂಡ್ಳು ನೋಡಿ ಸ್ವಾಮಿ’ ಎಂದು ಹವಾಲ್ದಾರರು ಎದೆ ಉಬ್ಬಿಸಿದರು. ಸಾಹೇಬರಿಗೆ ಈ ಸಲ ಕೆಮ್ಮಿನ ನೆಪವೂ ಸಾಲಲಿಲ್ಲ, ಮೇಜಿಗೆ ತಲೆಯಿಟ್ಟು ನಕ್ಕರು. ಆಮೇಲೆ ಗಂಭೀರವಾಗಿ ಆದೇಶ ಬರೆದರು. ನನ್ನ ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ. ಇಬ್ಬರೂ ಕೂತು ಅಷ್ಟೂ ಬೈಂಡುಗಳನ್ನು ಒಂದು ಅಕ್ಷರ ಬಿಡದೆ ಅಳಿಸಬೇಕು.

ವಾಪಸ್ಸು ಬಸ್ಸಿನಲ್ಲಿ ಕೇಳಿದೆ, ‘ಯಾವಾಗಿಂದ ಗೊತ್ತಿತ್ತು ನಿಮ್ಗೆ?’

‘ಎರಡನೇ ವಾರದಿಂದ. ಕಪಾಟು ಯಾವ್ದು, ಸಾಲು ಯಾವ್ದು ಅಂತ ಬರ್ದು ಬೈಯೋ ಪೋಲಿ ಗುಬ್ಬಿಲಿ ಇನ್ನೆಲ್ಲವ್ನವ್ವ?’

‘ಮತ್ತೆ ದಿನಾ ಬಂದು ನನ್ ಹತ್ರಾನೇ ಬೈತಿದ್ರಲ್ಲ?’

‘ಇನ್ಯಾರ್ ಹತ್ರ ಬೈಲಿ’ ಎಂದು ಕಿಟಕಿ ಕಡೆ ತಿರುಗಿ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೂ ನಾನೂ ನಕ್ಕೆ. ಪಕ್ಕದ ಸೀಟಿನ ಹೆಂಗಸು ನಮ್ಮನ್ನು ನೋಡಿ ಮಗುವನ್ನು ಆ ಕಡೆಗೆ ಎಳೆದುಕೊಂಡಳು.

ಅವ್ವನಿಗೆ ನಿಜ ಹೇಳಿದೆ. ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ‘ಯಾರು ಕಣೇ ಆ ಗುದ್ದಣ್ಣ’ ಎಂದು ಕೇಳಿದಳು.

ಅಳಿಸುವ ಕೆಲಸಕ್ಕೆ ನಂಜುಂಡಯ್ಯನವರು ಹಿಂದಿನ ಕೋಣೆ ಕೊಟ್ಟರು. ಮಧ್ಯಾಹ್ನ ಮಧ್ಯಾಹ್ನ ನಾನೂ ಹವಾಲ್ದಾರರೂ ಎದುರುಬದುರು ಕೂತು ತಿಕ್ಕುತ್ತಿದ್ದೆವು. ಬೋರ್ಡು ಮುಂದಿನ ಕೋಣೆಯಲ್ಲಿತ್ತು, ಹಿಂದಿನ ಕೋಣೆಯಲ್ಲಿ ಬಾಯಿಗೆ ತಡೆಯಿರಲಿಲ್ಲ. ಒಂದೊಂದು ಸಾಲು ಅಳಿಸುವ ಮುಂಚೆ ಅದನ್ನು ಗಟ್ಟಿಯಾಗಿ ಓದಿ, ಮತ್ತೆ ಜಗಳ ಆಡಿ, ಆಮೇಲೆ ಅಳಿಸುತ್ತಿದ್ದೆವು. ಒಂದು ವಾರದ ಕೆಲಸ ಒಂದು ತಿಂಗಳಿಗೆ ಬಂತು. ಇಬ್ಬರಿಗೂ ಅವಸರ ಇರಲಿಲ್ಲ.

ಕೊನೆಯ ಬೈಂಡಿನ ಕೊನೆಯ ಪುಟಗಳು ಬಂದವು. ಹವಾಲ್ದಾರರು ಪುಟ ಮಗುಚಿದರು. ‘ಬಂದೂಕಿನವರು ಹೊಡೆದವನು ಏಳುವುದಿಲ್ಲ.’ ಅದನ್ನು ಅವರು ಗಟ್ಟಿಯಾಗಿ ಓದಲಿಲ್ಲ.

‘ಇದ್ಕೆ ನಾನು ಉತ್ತರ ಬರೀಲಿಲ್ಲ’ ಎಂದರು.

‘ಜ್ವರ ಇತ್ತಲ್ವಾ?’

‘ಜ್ವರ ಇರ್ಲಿಲ್ಲ ಕಣವ್ವ.’ ಸ್ವಲ್ಪ ಹೊತ್ತು ರಬ್ಬರನ್ನು ಬೆರಳಲ್ಲಿ ಉರುಳಿಸಿದರು. ‘ಲಡಾಯೀಲಿ ಆ ಕಡೆಯೋನೊಬ್ಬ ತೊರೆ ಹತ್ರ ಬಾಟ್ಲಿಗೆ ನೀರು ತುಂಬ್ತಿದ್ದ. ಇನ್ನೂ ಮೀಸೆ ಬಂದಿರ್ಲಿಲ್ಲ. ನಂಗೆ ಹುಕುಂ ಆಯ್ತು, ಹೊಡ್ದೆ. ನೀನು ಬರ್ದಂಗೇ, ಅವ್ನು ಏಳ್ಲಿಲ್ಲ. ಆ ಗುದ್ದಣ್ಣ ಒಲ್ಲೆ ಅಂದಿದ್ದು ಸರಿ ಅಂತ ನಾನು ಒಪ್ಪಿದ್ರೆ, ನಾನೂ ಒಲ್ಲೆ ಅನ್ಬೋದಾಗಿತ್ತು ಅಂತ ಆಗುತ್ತೆ. ಆಮೇಲೆ ಆ ಹುಡುಗಂಗೆ ಏನ್ ಹೇಳ್ಲಿ? ಅದ್ಕೇ ಕಣವ್ವ, ಅವ್ನು ಹೇಡಿನೇ ಆಗಿರ್ಬೇಕು ನಂಗೆ.’

ನಾನು ಬೈಂಡನ್ನು ನನ್ನ ಕಡೆಗೆ ಎಳೆದುಕೊಂಡು ಆ ಸಾಲನ್ನು ತಿಕ್ಕತೊಡಗಿದೆ. ಅವತ್ತು ಬೆನ್ನು ತಟ್ಟಿಕೊಂಡು ಒತ್ತಿ ಬರೆದಿದ್ದೆ, ಸುಲಭಕ್ಕೆ ಹೋಗಲಿಲ್ಲ. ಕಣ್ಣು ಮಂಜಾಗಿತ್ತು, ಎಷ್ಟು ತಿಕ್ಕಿದೆನೋ ತಿಳಿಯದು. ಕಾಗದ ಸವೆದು, ಕಿತ್ತು, ಅಂಚಿನಲ್ಲಿ ಹೆಬ್ಬೆರಳಷ್ಟು ತೂತಾಯಿತು.

ಹವಾಲ್ದಾರರು ಬಗ್ಗಿ ನೋಡಿದರು. ‘ಸರ್ಕಾರಿ ಆಸ್ತಿ ಹಾಳ್ ಮಾಡಿದ್ಯಲ್ಲೇ. ಇನ್ನೊಂದ್ ವರ್ಷ ಪ್ರೊಬೇಷನ್ ಹಾಕ್ತಾರೆ ಈಗ.’

‘ತಪ್ಪಾಯ್ತು ಕಣಣ್ಣ’ ಎಂದೆ. ಅವರನ್ನು ಅಣ್ಣ ಎಂದು ಕರೆದದ್ದು ಅದೇ ಮೊದಲು.

‘ಯಾರ್ ವಿಷ್ಯದಲ್ಲಿ? ಗುದ್ದಣ್ಣನ ವಿಷ್ಯದಲ್ಲಾ?’

‘ಅವನ ವಿಷ್ಯದಲ್ಲಿ ಅಲ್ಲ. ನಿಮ್ಮ ವಿಷ್ಯದಲ್ಲಿ.’

ಅವರು ಎದ್ದು ಅಂಗಿ ಸರಿಮಾಡಿಕೊಂಡು, ಮೇಜಿನ ಮೇಲಿದ್ದ ರಬ್ಬರಿನ ಪುಡಿಯನ್ನೆಲ್ಲ ಅಂಗೈಯಿಂದ ಒಂದು ಕಡೆ ಬಳಿದರು.

‘ಹಂಗಾದ್ರೆ ಜಗಳ ಮುಗೀಲಿಲ್ಲ ಅಂತಾಯ್ತು’ ಎಂದರು. ‘ನಾಳೆ ಹತ್ತಕ್ಕೆ ಬರ್ತೀನಿ.’